ಅಚ್ಚು ಯಾರ ಕೈಯಲ್ಲಿದೆ? ಮೊಬೈಲ್ ಆ್ಯಪ್ ಹಾಗೂ ಆಟಗಳಿಗೆ ಬಹುವೇದಿಕೆ ಸಾಧನಗಳ ಆಯ್ಕೆ

ಬೆಂಗಳೂರಿನ ದಂಡು ಪ್ರದೇಶಕ್ಕೂ ತಂತ್ರಾಂಶ ಉದ್ಯಮಕ್ಕೂ ಇರುವ ನಂಟು ಹೊಸದೇನಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಭಾರತದಲ್ಲಿ ತನ್ನ ಕಾರ್ಯವನ್ನು ಆರಂಭಿಸಿದ್ದು ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ. ಅದಕ್ಕೂ ಬಹು ಮೊದಲು, 1948ರಲ್ಲಿ, ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಗೊಂಡು, ದೇಶದ ಕಚೇರಿ ಮತ್ತು ಮನೆಗಳಿಗೆ ದೂರವಾಣಿ ಉಪಕರಣಗಳನ್ನು ಒದಗಿಸಿತು. ಗೂಗಲ್ ಸಂಸ್ಥೆಯ ಕಚೇರಿಯೂ ಹಲವು ವರ್ಷಗಳ ಕಾಲ ಹಳೇ ಮದರಾಸು ರಸ್ತೆಯ ಬೆನ್ನಿಗಾನಹಳ್ಳಿಯಲ್ಲಿ ಕಾರ್ಯನಿರ್ವಹಿಸಿತು.

ಆದರೆ ಇದೇ ರಸ್ತೆಗಳ ಇಕ್ಕೆಲಗಳಲ್ಲಿ ವ್ಯಾಪಾರ ನಡೆಸುವ ವರ್ತಕರಿಗೆ ತಂತ್ರಾಂಶವೆಂಬುದು ಬಹುಕಾಲ ಪಕ್ಕದ ಕಟ್ಟಡದ ವಿಷಯವಾಗಿಯೇ ಇತ್ತು. ಈಗ ಪರಿಸ್ಥಿತಿ ಬದಲಾಗಿದೆ. ಕಮರ್ಷಿಯಲ್ ಸ್ಟ್ರೀಟ್‌ನ ಜವಳಿ ಅಂಗಡಿ, ಶಿವಾಜಿನಗರದ ವಾಹನ ಬಿಡಿಭಾಗಗಳ ಮಳಿಗೆ, ಹಲಸೂರು ಬಜಾರ್ ಬೀದಿಯ ದಿನಸಿ ಅಂಗಡಿ, ಇಂದಿರಾನಗರದ ಉಪಾಹಾರ ಗೃಹ, ಕೆ.ಆರ್. ಪುರ ಮತ್ತು ಮಹದೇವಪುರದ ಸಣ್ಣ ಕಾರ್ಖಾನೆ ಇವೆಲ್ಲಕ್ಕೂ ಗ್ರಾಹಕರು ಇಲ್ಲವೆ ಡೀಲರುಗಳು ಕೇಳುವ ಪ್ರಶ್ನೆ ಒಂದೇ: “ನಿಮ್ಮದೊಂದು ಆ್ಯಪ್ ಇದೆಯೆ?”

ಈ ಬಗ್ಗೆ ವಿಚಾರಿಸಲು ಹೊರಟ ಉದ್ಯಮಿಯ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ಕೊಟೇಶನ್‌ಗಳು ಬರುತ್ತವೆ. ಒಂದರಲ್ಲಿ ಆಂಡ್ರಾಯ್ಡ್ ಫೋನಿಗೆ ಒಂದು ದರ, ಐಫೋನಿಗೆ ಮತ್ತೊಂದು ದರ. ಇನ್ನೊಂದರಲ್ಲಿ ಎರಡಕ್ಕೂ ಸೇರಿ ಒಂದೇ ದರ, ಮೊತ್ತವೂ ಕಡಿಮೆ. ಈ ಎರಡನೆಯದು ಸಾಧ್ಯವಾಗಿರುವುದು ಬಹುವೇದಿಕೆ ಸಾಧನಗಳಿಂದ. ಮೊದಲ ಬಿಲ್ಲಿನ ಮೊತ್ತವನ್ನಷ್ಟೇ ನೋಡಿ ತೀರ್ಮಾನಿಸುವುದು ಸಹಜ. ಆದರೆ ಆ್ಯಪ್ ಎಂಬುದು ಪ್ರತಿ ವರ್ಷ ಪೋಷಣೆ ಬೇಡುವ ಸ್ವತ್ತು. ಐದು ವರ್ಷಗಳ ನಂತರವೂ ಅದು ಉದ್ಯಮಿಯ ಕೈಯಲ್ಲೇ ಉಳಿದು, ನಡೆಯುತ್ತಿರಬೇಕಾದರೆ ಸಾಧನದ ಆಯ್ಕೆಯನ್ನೂ ಕರಾರನ್ನೂ ಮೊದಲೇ ವಿವೇಚಿಸುವುದು ಅವಶ್ಯಕ.

ಬಹುವೇದಿಕೆ ಸಾಧನ ಎಂದರೇನು?

ಕಾರ್ಖಾನೆ ನಡೆಸುವವರಿಗೆ ಇದನ್ನು ತಿಳಿಸಲು ಅಚ್ಚಿನ ಉದಾಹರಣೆ ಸಾಕು. ಆಂಡ್ರಾಯ್ಡ್ ಮತ್ತು ಆ್ಯಪಲ್ ಕಂಪನಿಯ ಐ.ಓ.ಎಸ್. ಎರಡು ಬೇರೆ ಬೇರೆ ಯಂತ್ರಗಳಿದ್ದಂತೆ. ಆಯಾ ಯಂತ್ರಕ್ಕೆ ಆಯಾ ಅಚ್ಚನ್ನು ಪ್ರತ್ಯೇಕವಾಗಿ ಮಾಡಿಸುವುದು ಹಳೆಯ ಕ್ರಮ. ಆಂಡ್ರಾಯ್ಡ್‌ಗೆ ಕಾಟ್ಲಿನ್ ಅಥವಾ ಜಾವಾ ಭಾಷೆಯಲ್ಲಿ, ಐಫೋನಿಗೆ ಸ್ವಿಫ್ಟ್ ಭಾಷೆಯಲ್ಲಿ ಎರಡು ಸಲ ಬರೆಯಬೇಕು. ಬಹುವೇದಿಕೆ ಸಾಧನದಲ್ಲಿ ಒಂದೇ ಅಚ್ಚನ್ನು ಎರಡೂ ಯಂತ್ರಗಳಿಗೆ ಕೂರಿಸಲಾಗುತ್ತದೆ.

ಇವುಗಳಲ್ಲಿ ಮುಖ್ಯವಾಗಿ ಮೂರು ವರ್ಗಗಳಿವೆ. ಮೊದಲನೆಯದು, ಜಾಲತಾಣವನ್ನೇ ಆ್ಯಪ್‌ನ ಹೊದಿಕೆಯೊಳಗೆ ಇರಿಸುವ ಕಾರ್ಡೋವಾ, ಅಯಾನಿಕ್ ಮೊದಲಾದವು. ಎರಡನೆಯದು, ಪೂರ್ಣಪ್ರಮಾಣದ ಆ್ಯಪ್‌ಗಳನ್ನು ರೂಪಿಸುವ ಸಾಧನಗಳು. ಫೇಸ್‌ಬುಕ್ (ಇಂದಿನ ಮೆಟಾ) 2015ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ರಿಯಾಕ್ಟ್ ನೇಟಿವ್, ಗೂಗಲ್‌ನ ಫ್ಲಟರ್ (ಮೊದಲ ಪೂರ್ಣ ಆವೃತ್ತಿ ಡಿಸೆಂಬರ್ 2018), ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮಾವಿ (2022) ಹಾಗೂ ಜೆಟ್‌ಬ್ರೇನ್ಸ್ ಸಂಸ್ಥೆಯ ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಈ ಸಾಲಿಗೆ ಸೇರುತ್ತವೆ. ಮೂರನೆಯದು, ಆಟಗಳಿಗೆಂದೇ ಇರುವ ಯೂನಿಟಿ, ಅನ್‌ರಿಯಲ್, ಗೊಡೋ ಮುಂತಾದ ಎಂಜಿನ್‌ಗಳು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಸಾಧನದ ಆಯ್ಕೆಗೆ ಮುನ್ನ, ಆ್ಯಪ್ ಬೇಕೇ ಎಂಬುದನ್ನೇ ಪರಿಶೀಲಿಸುವುದು ಒಳಿತು. ಹಲಸೂರು, ಇಂದಿರಾನಗರಗಳ ಮೂಲಕ ಹಾದುಹೋಗುವ ನಮ್ಮ ಮೆಟ್ರೋ ಇದಕ್ಕೆ ಉತ್ತಮ ನಿದರ್ಶನ. 2022ರ ನವೆಂಬರ್‌ನಿಂದ ಬೆಂಗಳೂರು ಮೆಟ್ರೋ ರೈಲು ನಿಗಮವು ವಾಟ್ಸ್‌ಆ್ಯಪ್ ಮೂಲಕವೇ ಕ್ಯೂ.ಆರ್. ಟಿಕೆಟ್ ನೀಡುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಪ್ರಯಾಣಿಕರು ಹೊಸದಾಗಿ ಏನನ್ನೂ ಇಳಿಸಿಕೊಳ್ಳಬೇಕಾಗಿರಲಿಲ್ಲ. ಫೋನಿನಲ್ಲಿ ಆಗಲೇ ಇದ್ದ ಆ್ಯಪ್ ಸಾಕಾಯಿತು.

ಬೆಂಗಳೂರಿನ ದೊಡ್ಡ ಸಂಸ್ಥೆಗಳೂ ಈ ಪಾಠವನ್ನು ಅನುಭವದಿಂದಲೇ ಕಲಿತಿವೆ. ಮಿಂತ್ರಾ ಸಂಸ್ಥೆಯು 2015ರ ಮೇ ತಿಂಗಳಲ್ಲಿ ಜಾಲತಾಣವನ್ನು ಮುಚ್ಚಿ ಆ್ಯಪ್ ಮೂಲಕ ಮಾತ್ರ ಮಾರಾಟ ಮಾಡಲು ನಿರ್ಧರಿಸಿತು. ಮರುವರ್ಷವೇ ಜಾಲತಾಣವನ್ನು ಮತ್ತೆ ತೆರೆಯಿತು. ಮೊಬೈಲ್ ಜಾಲತಾಣವನ್ನು ನಿಲ್ಲಿಸಿದ್ದ ಫ್ಲಿಪ್‌ಕಾರ್ಟ್ ಕೂಡ 2015ರ ನವೆಂಬರ್‌ನಲ್ಲಿ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ, ಬ್ರೌಸರಿನಲ್ಲೇ ತೆರೆದುಕೊಂಡು ಆ್ಯಪ್‌ನಂತೆ ವರ್ತಿಸುವ ತಾಣದೊಡನೆ ಹಿಂದಿರುಗಿತು. ಬೆಲೆಪಟ್ಟಿ, ಸರಕಿನ ಚಿತ್ರ, ಅಂಗಡಿಯ ವಿಳಾಸ ಇಷ್ಟನ್ನೇ ತೋರಿಸಬೇಕಾದ ವರ್ತಕರಿಗೆ ಒಂದು ಅಚ್ಚುಕಟ್ಟಾದ ಮೊಬೈಲ್ ಜಾಲತಾಣ ಹಾಗೂ ವಾಟ್ಸ್‌ಆ್ಯಪ್ ವ್ಯವಹಾರ ಖಾತೆ ಸಾಕಾಗುತ್ತವೆ. ಮರಳಿ ಮರಳಿ ಬರುವ ಗ್ರಾಹಕ ಅಥವಾ ಡೀಲರ್, ಜಾಲ ಸಂಪರ್ಕವಿಲ್ಲದೆಯೂ ನಡೆಯಬೇಕಾದ ಕೆಲಸ, ಸ್ಕ್ಯಾನರ್ ಅಥವಾ ಮುದ್ರಕದೊಡನೆ ಜೋಡಣೆ ಇವುಗಳಲ್ಲಿ ಯಾವುದಾದರೂ ಇದ್ದಾಗ ಮಾತ್ರ ಆ್ಯಪ್‌ನ ಖರ್ಚು ಸಮರ್ಥನೀಯ.

ಇನ್ನೊಂದು ಸಂಗತಿ. ಕಾರ್ಖಾನೆಯೊಳಗಿನ ದಾಸ್ತಾನು ಎಣಿಕೆಗೋ ಮಾರಾಟ ಪ್ರತಿನಿಧಿಗಳ ಬಳಕೆಗೋ ಆ್ಯಪ್ ಮಾಡಿಸುವುದಾದರೆ ಫೋನುಗಳನ್ನು ಕೊಳ್ಳುವವರು ಮಾಲೀಕರೇ. ಎಲ್ಲರಿಗೂ ಆಂಡ್ರಾಯ್ಡ್ ಫೋನನ್ನೇ ಕೊಡಿಸಿದರೆ ಒಂದೇ ವೇದಿಕೆ ಸಾಕು. ಅಂಥಲ್ಲಿ ಬಹುವೇದಿಕೆ ಸಾಧನದ ಅಗತ್ಯವೇ ಬೀಳದು.

ಸಾಧನಗಳ ಆಯುಷ್ಯ

ತಂತ್ರಾಂಶ ಸಾಧನಗಳೂ ಯಂತ್ರೋಪಕರಣಗಳಂತೆಯೇ ಹಳತಾಗುತ್ತವೆ. ಕೆಲವೊಮ್ಮೆ ಅವುಗಳ ತಯಾರಕರೇ ಅಂಗಡಿ ಮುಚ್ಚುತ್ತಾರೆ. ಒಂದು ಕಾಲಕ್ಕೆ ಜನಪ್ರಿಯವಾಗಿದ್ದ ಫೋನ್‌ಗ್ಯಾಪ್ ಸಾಧನವನ್ನು 2011ರಲ್ಲಿ ಅಡೋಬಿ ಸಂಸ್ಥೆಯು ಕೊಂಡುಕೊಂಡು, 2020ರ ಅಕ್ಟೋಬರ್‌ನಲ್ಲಿ ಸೇವೆಯನ್ನು ನಿಲ್ಲಿಸಿತು. 2011ರಲ್ಲಿ ಆರಂಭವಾದ ಜಾಮರಿನ್ ಸಂಸ್ಥೆಯನ್ನು 2016ರಲ್ಲಿ ಮೈಕ್ರೋಸಾಫ್ಟ್ ಖರೀದಿಸಿತು. ಆ ಸಾಧನಕ್ಕೆ ನೀಡುತ್ತಿದ್ದ ಬೆಂಬಲವು 2024ರ ಮೇ 1ಕ್ಕೆ ಕೊನೆಗೊಂಡು, ಬಳಕೆದಾರರು ಡಾಟ್‌ನೆಟ್ ಮಾವಿಗೆ ಸ್ಥಳಾಂತರಗೊಳ್ಳಬೇಕಾಯಿತು. ಬ್ರೌಸರ್ ಆಟಗಳ ಆಧಾರವಾಗಿದ್ದ ಫ್ಲ್ಯಾಶ್ 2020ರ ಡಿಸೆಂಬರ್ 31ರಂದು ತೆರೆಮರೆಗೆ ಸರಿಯಿತು.

ಇದೇ ಇತಿಹಾಸದಲ್ಲಿ ಸಮಾಧಾನದ ಸಂಗತಿಯೂ ಇದೆ. ಫೋನ್‌ಗ್ಯಾಪ್ ನಿಂತರೂ, ಅದರಿಂದಲೇ ಹುಟ್ಟಿದ ಮುಕ್ತ ತಂತ್ರಾಂಶವಾದ ಕಾರ್ಡೋವಾ ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿ ಮುಂದುವರಿಯಿತು. ಸರಳ ಆಟಗಳಿಗೆ ಬಳಕೆಯಲ್ಲಿದ್ದ ಕರೋನಾ ಸಾಧನದ ಸಂಸ್ಥೆಯು 2020ರಲ್ಲಿ ಮುಚ್ಚಿದಾಗ, ಸಾಧನವು ಸೋಲಾರ್2ಡಿ ಎಂಬ ಹೆಸರಿನಲ್ಲಿ ಮುಕ್ತವಾಗಿ ಉಳಿದುಕೊಂಡಿತು. ಅಂದರೆ, ಮೂಲ ಸಂಕೇತವು ಬಹಿರಂಗವಾಗಿರುವ ಸಾಧನಕ್ಕೆ ತಯಾರಕ ಸಂಸ್ಥೆಯ ನಿರ್ಗಮನದ ನಂತರವೂ ಬದುಕುಳಿಯುವ ಅವಕಾಶವಿರುತ್ತದೆ. ರಿಯಾಕ್ಟ್ ನೇಟಿವ್, ಫ್ಲಟರ್, ಡಾಟ್‌ನೆಟ್ ಮಾವಿ, ಗೊಡೋ ಇವೆಲ್ಲವೂ ಇಂದು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ.

ಆ್ಯಪ್ ಮಳಿಗೆಗಳ ನಿಯಮಗಳೂ ಕಾಲಕಾಲಕ್ಕೆ ಬದಲಾಗುತ್ತವೆ. 2017ರಲ್ಲಿ ಐ.ಓ.ಎಸ್. 11 ಬಂದಾಗ 32 ಬಿಟ್‌ನ ಹಳೆಯ ಆ್ಯಪ್‌ಗಳು ಐಫೋನಿನಲ್ಲಿ ತೆರೆಯದಾದವು. 2019ರ ಆಗಸ್ಟ್‌ನಿಂದ ಗೂಗಲ್ ಪ್ಲೇ ಕೂಡ 64 ಬಿಟ್ ಆವೃತ್ತಿಯನ್ನು ಕಡ್ಡಾಯಗೊಳಿಸಿತು. 2025ರ ನವೆಂಬರ್ 1ರಿಂದ, ಆಂಡ್ರಾಯ್ಡ್ 15 ಅಥವಾ ಅನಂತರದ ಆವೃತ್ತಿಗಾಗಿ ಸಿದ್ಧಪಡಿಸುವ ಹೊಸ ಆ್ಯಪ್‌ಗಳೂ ಪರಿಷ್ಕರಣೆಗಳೂ 16 ಕಿಲೋಬೈಟ್ ಸ್ಮೃತಿಪುಟದ ವ್ಯವಸ್ಥೆಗೆ ಹೊಂದಿಕೊಳ್ಳಬೇಕೆಂಬ ನಿಯಮ ಬಂದಿತು. ತಾಂತ್ರಿಕ ವಿವರ ಉದ್ಯಮಿಗೆ ತಿಳಿಯಬೇಕಾಗಿಲ್ಲ. ಆದರೆ ಅದರ ಪರಿಣಾಮ ತಿಳಿದಿರಬೇಕು: ಸಾಧನದ ತಯಾರಕರು ಹೊಸ ನಿಯಮಕ್ಕೆ ತಕ್ಕ ಆವೃತ್ತಿಯನ್ನು ಹೊರತಂದಿರಬೇಕು, ಆ್ಯಪ್ ಬರೆದವರು ಅದನ್ನು ಅಳವಡಿಸಿ ಮತ್ತೆ ಸಿದ್ಧಪಡಿಸಬೇಕು. ಇಲ್ಲವಾದಲ್ಲಿ ಆ್ಯಪ್‌ಗೆ ಒಂದು ಸಣ್ಣ ಬೆಲೆ ತಿದ್ದುಪಡಿಯನ್ನೂ ಸೇರಿಸಲಾಗದು. ಆದ್ದರಿಂದ ವಾರ್ಷಿಕ ನಿರ್ವಹಣೆಯ ವೆಚ್ಚವನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಹುವೇದಿಕೆ ಎಂದ ಮಾತ್ರಕ್ಕೆ ಕೆಲಸ ಅರ್ಧಕ್ಕೆ ಇಳಿಯುವುದಿಲ್ಲ ಎಂಬುದನ್ನೂ ಮನಗಾಣಬೇಕು. ಅಮೆರಿಕದ ಏರ್‌ಬಿಎನ್‌ಬಿ ಸಂಸ್ಥೆಯು ರಿಯಾಕ್ಟ್ ನೇಟಿವ್ ಬಳಸಿ, ಬಳಿಕ 2018ರಲ್ಲಿ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಫ್ಲಿಪ್‌ಕಾರ್ಟ್ ಅದನ್ನು ಬಿಡಲಿಲ್ಲ. ಬದಲಿಗೆ, ಸರಕಿನ ಉದ್ದನೆಯ ಪಟ್ಟಿಗಳು ಫೋನಿನಲ್ಲಿ ಸರಾಗವಾಗಿ ಜಾರುವಂತೆ ಮಾಡಲು ‘ರಿಸೈಕ್ಲರ್ ಲಿಸ್ಟ್ ವ್ಯೂ’ ಎಂಬ ಭಾಗವನ್ನು ತಾನೇ ರಚಿಸಿ ಎಲ್ಲರಿಗೂ ಮುಕ್ತವಾಗಿ ನೀಡಿತು. ಅಷ್ಟು ದೊಡ್ಡ ಎಂಜಿನಿಯರುಗಳ ತಂಡ ಸಣ್ಣ ಉದ್ಯಮಿಯ ಬಳಿ ಇರುವುದಿಲ್ಲ. ಆದುದರಿಂದ ತಮ್ಮ ಗ್ರಾಹಕರು ಬಳಸುವಂಥ ಕಡಿಮೆ ಬೆಲೆಯ ಫೋನಿನಲ್ಲಿ, ತಮ್ಮದೇ ಪೂರ್ಣ ಸರಕುಪಟ್ಟಿಯೊಡನೆ ಪರೀಕ್ಷಿಸಿದ ನಂತರವೇ ಆ್ಯಪ್ ಅನ್ನು ಒಪ್ಪಿಕೊಳ್ಳುವುದು ಲೇಸು.

ಕನ್ನಡದ ಪರೀಕ್ಷೆ

ದಂಡು ಪ್ರದೇಶ ಮತ್ತು ಪೂರ್ವ ಬೆಂಗಳೂರಿನ ವರ್ತಕರಿಗೆ ಇನ್ನೊಂದು ವಿಶೇಷ ಅಗತ್ಯವಿದೆ. ಶಿವಾಜಿನಗರದಲ್ಲಿ ಉರ್ದು ಮತ್ತು ತಮಿಳು, ಹಲಸೂರಿನಲ್ಲಿ ತಮಿಳು ಮತ್ತು ಕನ್ನಡ, ಕೆ.ಆರ್. ಪುರದ ಕಡೆ ಕನ್ನಡ ಮತ್ತು ತೆಲುಗು ಹೀಗೆ ಒಂದೇ ಅಂಗಡಿಯ ಮುಂದೆ ನಾಲ್ಕು ಭಾಷೆಗಳ ಗ್ರಾಹಕರು ನಿಲ್ಲುತ್ತಾರೆ. ಎಲ್ಲ ಸಾಧನಗಳೂ ಈ ಲಿಪಿಗಳನ್ನು ಸರಿಯಾಗಿ ಬರೆಯಬಲ್ಲವೆಂದು ಭಾವಿಸುವಂತಿಲ್ಲ.

ಕನ್ನಡದಲ್ಲಿ ಒತ್ತಕ್ಷರ, ಅರ್ಕಾವತ್ತು, ಗುಣಿತಾಕ್ಷರಗಳು ಪರಸ್ಪರ ಜೋಡಣೆಗೊಂಡು ಒಂದು ಆಕಾರವನ್ನು ಪಡೆಯುತ್ತವೆ. ಈ ಜೋಡಣೆಯನ್ನು ಅರಿಯದ ಸಾಧನದಲ್ಲಿ ‘ಅಕ್ಕಿ’ ಎಂಬುದು ‘ಅಕ್‌ಕಿ’ ಎಂದು ಒಡೆದು ಕಾಣುತ್ತದೆ. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿಯಾದುದರಿಂದ ಅದಕ್ಕಾಗಿ ಪರದೆಯ ವಿನ್ಯಾಸವೇ ತಿರುವುಮುರುವಾಗಬೇಕು. ರಿಯಾಕ್ಟ್ ನೇಟಿವ್ ಫೋನಿನದೇ ಅಕ್ಷರ ವ್ಯವಸ್ಥೆಯನ್ನು ಬಳಸುತ್ತದೆ. ಫ್ಲಟರ್ ತಾನೇ ಅಕ್ಷರಗಳನ್ನು ಚಿತ್ರಿಸಿದರೂ ಭಾರತೀಯ ಲಿಪಿಗಳ ಜೋಡಣೆಯನ್ನು ಬಲ್ಲದು. ತೊಂದರೆ ಹೆಚ್ಚಾಗಿ ಕಂಡುಬರುವುದು ಆಟದ ಎಂಜಿನ್‌ಗಳಲ್ಲಿ. ಯೂನಿಟಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ವ್ಯವಸ್ಥೆಯು ಈ ಜೋಡಣೆಯನ್ನು ತಾನಾಗಿ ಮಾಡುವುದಿಲ್ಲ; ಯೂನಿಟಿ 6ರಲ್ಲಿ ಇದಕ್ಕಾಗಿ ಬೇರೊಂದು ವ್ಯವಸ್ಥೆಯನ್ನು ಒದಗಿಸಲಾಗಿದೆ. ಗೊಡೋ ಎಂಜಿನ್‌ಗೆ ಈ ಸಾಮರ್ಥ್ಯ ಬಂದದ್ದು 2023ರ ಮಾರ್ಚ್‌ನಲ್ಲಿ ಬಿಡುಗಡೆಯಾದ 4ನೇ ಆವೃತ್ತಿಯಿಂದ.

ಪರೀಕ್ಷೆ ಸುಲಭ. ಆ್ಯಪ್ ಮಾಡುವವರಿಂದ ಮುಂಗಡ ಕೊಡುವ ಮೊದಲೇ ಒಂದು ಪುಟದ ಮಾದರಿಯನ್ನು ಕೇಳಬೇಕು. ಅದರಲ್ಲಿ ‘ಅಕ್ಕಿ’, ‘ಉದ್ದಿನಬೇಳೆ’, ‘ಶರ್ಟ್’, ‘ಸ್ತ್ರೀಯರ ಉಡುಪು’, ‘ಕರ್ನಾಟಕ’ ಎಂಬ ಪದಗಳು ಸರಿಯಾಗಿ ಮೂಡುತ್ತವೆಯೇ, ಇದೇ ಪದಗಳನ್ನು ಬೆರಳಚ್ಚಿಸಿದಾಗ ಹುಡುಕಾಟ ಫಲಿಸುತ್ತದೆಯೇ, ರಸೀದಿಯ ಮುದ್ರಣದಲ್ಲೂ ಅವು ಒಡೆಯದೆ ಬರುತ್ತವೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ಹಳೆಯ ಸರಕುಪಟ್ಟಿಯನ್ನು ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ್ದರೆ ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ಆಟಗಳ ಉದ್ಯಮ: ಬೇರೆಯದೇ ಲೆಕ್ಕ

ಗಣಕ ಆಟಗಳ ನಿರ್ಮಾಣದಲ್ಲಿ ಕರ್ನಾಟಕದ ಹೆಸರು ಮೊದಲಿನಿಂದಲೂ ಇದೆ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಆಟ-ನಿರ್ಮಾಣ ಸಂಸ್ಥೆಗಳಲ್ಲಿ ಒಂದು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು 79 ಲಕ್ಷ ಡಾಲರಿಗೆ ಖರೀದಿಸಿತು. ಉಡುಪಿಯಲ್ಲಿ ರೋಹಿತ್ ಭಟ್ ಅವರ 99ಗೇಮ್ಸ್ ಸಂಸ್ಥೆಯು ‘ಧೂಮ್ 3’ ಚಲನಚಿತ್ರದ ಆಟವನ್ನೂ ‘ಸ್ಟಾರ್ ಶೆಫ್’ ಆಟವನ್ನೂ ಹೊರತಂದಿತು. ಬೆಂಗಳೂರಿನಲ್ಲಿ 2013ರಲ್ಲಿ ಆರಂಭವಾದ ಮೂನ್‌ಫ್ರಾಗ್ ಲ್ಯಾಬ್ಸ್ ಅನ್ನು 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಸಮೂಹವು ಕೊಂಡುಕೊಂಡಿತು. ಅನಿಮೇಶನ್ ಮತ್ತು ಆಟಗಳ ಉದ್ಯಮಕ್ಕೆಂದೇ 2012ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿದ ಮೊದಲ ರಾಜ್ಯವೂ ಕರ್ನಾಟಕವೇ.

ಆಟಗಳಲ್ಲಿ ಪರದೆಯ ಪ್ರತಿಯೊಂದು ಅಂಶವನ್ನೂ ಎಂಜಿನ್ನೇ ಚಿತ್ರಿಸುವುದರಿಂದ ಬಹುವೇದಿಕೆ ಸಾಧನವಿಲ್ಲದೆ ಸಣ್ಣ ಸಂಸ್ಥೆ ಮುಂದುವರಿಯುವುದು ಕಷ್ಟ. ಇಲ್ಲಿ ಎಚ್ಚರ ಬೇಕಾದುದು ಪರವಾನಗಿಯ ಷರತ್ತುಗಳ ಬಗ್ಗೆ. 2023ರ ಸೆಪ್ಟೆಂಬರ್ 12ರಂದು ಯೂನಿಟಿ ಸಂಸ್ಥೆಯು, ನಿಗದಿತ ವರಮಾನ ಮತ್ತು ಇಳಿಕೆಯ ಮಿತಿಯನ್ನು ಮೀರಿದ ಆಟಗಳ ಪ್ರತಿಯೊಂದು ಹೊಸ ಇಳಿಕೆಗೂ ಶುಲ್ಕ ವಿಧಿಸುವುದಾಗಿ ಘೋಷಿಸಿತು. ಶುಲ್ಕವು ಇಳಿಕೆಯೊಂದಕ್ಕೆ 20 ಸೆಂಟ್‌ಗಳವರೆಗೆ ಇತ್ತು. ಅಸಂಖ್ಯ ಜನ ಉಚಿತವಾಗಿ ಇಳಿಸಿಕೊಂಡು ಕೆಲವರಷ್ಟೇ ಹಣ ಕೊಡುವ ಮಾದರಿಯ ಆಟಗಳಿಗೆ ಇದು ಲಾಭವನ್ನೇ ನುಂಗುವ ಹೊರೆಯಾಗುತ್ತಿತ್ತು. ಜಗತ್ತಿನಾದ್ಯಂತ ವಿರೋಧ ವ್ಯಕ್ತವಾದುದರಿಂದ ಷರತ್ತುಗಳನ್ನು ಸಡಿಲಿಸಲಾಯಿತು. ಸರಿಯಾಗಿ ಒಂದು ವರ್ಷದ ನಂತರ, 2024ರ ಸೆಪ್ಟೆಂಬರ್ 12ರಂದು, ಆ ಶುಲ್ಕವನ್ನು ಆಟಗಳ ಮಟ್ಟಿಗೆ ಪೂರ್ಣವಾಗಿ ರದ್ದುಪಡಿಸಲಾಯಿತು. ಶುಲ್ಕ ಹೋಯಿತಾದರೂ ಪಾಠ ಉಳಿದಿದೆ. ಬೇರೊಬ್ಬರ ಎಂಜಿನ್ ಮೇಲೆ ನಿಂತ ವ್ಯಾಪಾರದಲ್ಲಿ ಬಾಡಿಗೆಯ ದರವನ್ನು ನಿರ್ಧರಿಸುವವರು ಎಂಜಿನ್‌ನ ಒಡೆಯರು.

ಅನ್‌ರಿಯಲ್ ಎಂಜಿನ್‌ನಲ್ಲಿ ಆಟವೊಂದರ ಒಟ್ಟು ವರಮಾನ 10 ಲಕ್ಷ ಡಾಲರ್ ಮೀರಿದ ಮೇಲೆ ಶೇ. 5ರ ಗೌರವಧನವನ್ನು ತೆರುವುದು ಸಾಮಾನ್ಯ ಷರತ್ತು. ಎಂ.ಐ.ಟಿ. ಪರವಾನಗಿಯಲ್ಲಿ ಸಿಗುವ ಗೊಡೋಗೆ ಯಾವ ಗೌರವಧನವೂ ಇಲ್ಲ. ಆದರೆ ಅದನ್ನು ಬಲ್ಲ ಕೆಲಸಗಾರರನ್ನು ಹುಡುಕುವುದು ಯೂನಿಟಿ ಬಲ್ಲವರನ್ನು ಹುಡುಕಿದಷ್ಟು ಸುಲಭವಲ್ಲ.

ಕಾನೂನಿನ ಕಡೆಗೂ ಗಮನವಿರಬೇಕು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮವು, ಹಣ ಅಥವಾ ಪಣ ಕಟ್ಟಿ ಗೆಲುವಿನ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಅಂಥ ಆಟವನ್ನು ಒದಗಿಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅಂಗಡಿಯ ಪ್ರಚಾರಕ್ಕಾಗಿ ಪ್ರವೇಶ ಶುಲ್ಕ ಪಡೆದು ಬಹುಮಾನ ನೀಡುವ ಆಟವನ್ನು ಯೋಜಿಸುವವರು ಮೊದಲು ವಕೀಲರ ಸಲಹೆ ಪಡೆಯುವುದು ಕ್ಷೇಮ.

ಕರಾರಿನಲ್ಲಿ ಇರಬೇಕಾದ ಅಂಶಗಳು

ಪ್ಲಾಸ್ಟಿಕ್ ಅಥವಾ ಲೋಹದ ಬಿಡಿಭಾಗಗಳನ್ನು ಹೊರಗೆ ಮಾಡಿಸುವ ತಯಾರಕರು ಜಾಬ್‌ವರ್ಕ್ ಒಪ್ಪಿಸುವ ಮುನ್ನ ಒಂದು ವಿಷಯವನ್ನು ಇತ್ಯರ್ಥ ಮಾಡಿಕೊಳ್ಳುತ್ತಾರೆ: ಡೈ ಯಾರದು? ಹಣ ಕೊಟ್ಟವರು ಬೇಕೆಂದಾಗ ಅದನ್ನು ಎತ್ತಿಕೊಂಡು ಬೇರೆ ಕಾರ್ಖಾನೆಗೆ ಹೋಗಲು ಸಾಧ್ಯವಿರಬೇಕು. ಆ್ಯಪ್‌ನ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಲು ಬಹಳ ಮಂದಿ ಮರೆಯುತ್ತಾರೆ. ಕೆಳಗಿನ ಅಂಶಗಳನ್ನು ಬರವಣಿಗೆಯಲ್ಲೇ ಪಡೆಯುವುದು ಹಿತಕರ.

1. ಮೂಲ ಸಂಕೇತ: ಪ್ರತಿ ಕಂತಿನ ಪಾವತಿಯೊಡನೆ ಆವರೆಗಿನ ಪೂರ್ಣ ಮೂಲ ಸಂಕೇತವು ಉದ್ಯಮಿಯ ಖಾತೆಗೆ ಬರಬೇಕು. ಅದರ ಹಕ್ಕುಸ್ವಾಮ್ಯವನ್ನು ಲಿಖಿತವಾಗಿ ವರ್ಗಾಯಿಸಬೇಕು.

2. ಮಳಿಗೆಯ ಖಾತೆ: ಗೂಗಲ್ ಪ್ಲೇ ಖಾತೆಗೆ ಒಮ್ಮೆ 25 ಡಾಲರ್, ಆ್ಯಪಲ್ ಖಾತೆಗೆ ವರ್ಷಕ್ಕೆ 99 ಡಾಲರ್ ಶುಲ್ಕವಿದೆ. ಎರಡೂ ಉದ್ಯಮದ ಹೆಸರಿನಲ್ಲೇ ಇರಬೇಕು. ಸಂಸ್ಥೆಯ ಖಾತೆ ತೆರೆಯಲು 9 ಅಂಕಿಗಳ ಡನ್ಸ್ ಸಂಖ್ಯೆ ಬೇಕಾಗುತ್ತದೆ; ಅದನ್ನು ಮುಂಚಿತವಾಗಿ ಪಡೆದಿಟ್ಟುಕೊಳ್ಳಬೇಕು. 2023ರ ನವೆಂಬರ್ 13ರ ನಂತರ ವೈಯಕ್ತಿಕ ಹೆಸರಿನಲ್ಲಿ ತೆರೆದ ಗೂಗಲ್ ಪ್ಲೇ ಖಾತೆಗಳಿಗೆ ಬಿಡುಗಡೆಗೆ ಮುನ್ನ 14 ದಿನಗಳ ಪರೀಕ್ಷಾ ನಿಯಮವನ್ನು ವಿಧಿಸಲಾಯಿತು. ಸಂಸ್ಥೆಯ ಖಾತೆಗಳನ್ನು ಇದರಿಂದ ಹೊರಗಿಡಲಾಯಿತು.

3. ಸಹಿ ಕೀಲಿ: ಆ್ಯಪ್‌ನ ಮುಂದಿನ ಆವೃತ್ತಿಗಳಿಗೆ ಬೇಕಾದ ಗಣಕೀಯ ಸಹಿಯ ಕೀಲಿ ಹಾಗೂ ಗುಪ್ತಪದಗಳ ಪ್ರತಿ ಮಾಲೀಕರ ವಶದಲ್ಲಿರಬೇಕು.

4. ಹೊರಗಿನ ಭಾಗಗಳ ಪಟ್ಟಿ: ಮುದ್ರಕ, ಸ್ಕ್ಯಾನರ್, ಪಾವತಿ, ನಕ್ಷೆ ಮುಂತಾದವುಗಳಿಗೆ ಬಳಸಿದ ಅನ್ಯರ ತಂತ್ರಾಂಶ ಭಾಗಗಳು ಯಾವುವು, ಅವುಗಳ ಪರವಾನಗಿ ಏನು, ಅವು ಗ್ರಾಹಕರ ಯಾವ ಮಾಹಿತಿಯನ್ನು ಹೊರಗೆ ಕಳುಹಿಸುತ್ತವೆ ಎಂಬ ವಿವರ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿರುವುದರಿಂದ ಈ ಪಟ್ಟಿಯ ಮಹತ್ವ ಹೆಚ್ಚಿದೆ.

5. ನಿರ್ವಹಣೆ: ವರ್ಷಕ್ಕೊಮ್ಮೆಯಾದರೂ ಸಾಧನದ ಹೊಸ ಆವೃತ್ತಿಗೆ ಏರಿಸುವ ಕೆಲಸ ವಾರ್ಷಿಕ ಒಪ್ಪಂದದಲ್ಲಿ ಸೇರಿರಬೇಕು.

ಸಂಕೇತವನ್ನು ಗುಟ್ಟಾಗಿಟ್ಟರೆ ಮಾತ್ರ ವ್ಯಾಪಾರ ಎಂಬ ಭಾವನೆಯೂ ಪೂರ್ಣ ಸತ್ಯವಲ್ಲ. ಬೆಂಗಳೂರಿನ ಆಟೋ ಚಾಲಕರ ಸಂಘದ ಸಹಯೋಗದಲ್ಲಿ ಜಸ್‌ಪೇ ಸಂಸ್ಥೆಯು 2022ರಲ್ಲಿ ಹೊರತಂದ ‘ನಮ್ಮ ಯಾತ್ರಿ’ ಆ್ಯಪ್‌ನ ಮೂಲ ಸಂಕೇತ ಬಹಿರಂಗವಾಗಿಯೇ ಇದೆ. ಹಾಗಿದ್ದೂ ಅದು ನಗರದ ಬಾಡಿಗೆ ವಾಹನ ವಹಿವಾಟಿನಲ್ಲಿ ನೆಲೆಯೂರಿತು.

ಯಾರಿಗೆ ಯಾವುದು?

ಮೇಲಿನ ವಿಚಾರಗಳನ್ನು ಕ್ರೋಡೀಕರಿಸಿದಾಗ ಆಯ್ಕೆ ಅಷ್ಟೇನೂ ಜಟಿಲವಲ್ಲ. ಪ್ರದರ್ಶನಕ್ಕಷ್ಟೇ ಬೇಕಿದ್ದರೆ ಜಾಲತಾಣ ಸಾಕು. ಡೀಲರುಗಳ ಬೇಡಿಕೆ ಪಟ್ಟಿ, ಬಿಲ್ಲಿಂಗ್, ಮನೆ ಬಾಗಿಲಿಗೆ ಸರಬರಾಜು ಇಂಥ ಕೆಲಸಗಳಿಗೆ ರಿಯಾಕ್ಟ್ ನೇಟಿವ್ ಅಥವಾ ಫ್ಲಟರ್ ಸೂಕ್ತ. ಮೊದಲನೆಯದರ ಜಾವಾಸ್ಕ್ರಿಪ್ಟ್ ಭಾಷೆಯನ್ನು ಬಲ್ಲವರು ಹೆಚ್ಚು; ಎರಡನೆಯದರಲ್ಲಿ ಎಲ್ಲ ಫೋನುಗಳಲ್ಲೂ ಒಂದೇ ರೂಪ ಕಾಣುವುದು ಅನುಕೂಲ. ಕಚೇರಿಯ ಲೆಕ್ಕಪತ್ರ ತಂತ್ರಾಂಶ ಈಗಾಗಲೇ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿದ್ದು, ಅದನ್ನು ನೋಡಿಕೊಳ್ಳುವ ಸಿಬ್ಬಂದಿಯೂ ಇದ್ದರೆ ಡಾಟ್‌ನೆಟ್ ಮಾವಿಯನ್ನು ಪರಿಗಣಿಸಬಹುದು. ಯಾವ ಸಾಧನ ಬಳಸಿದರೂ ಐಫೋನ್ ಆವೃತ್ತಿಯನ್ನು ಸಿದ್ಧಪಡಿಸಲು ಸ್ವಂತದ ಅಥವಾ ಬಾಡಿಗೆಯ ಮ್ಯಾಕ್ ಗಣಕ ಬೇಕೇ ಬೇಕು. ಕೊಟೇಶನ್‌ನಲ್ಲಿ ಅದು ಸೇರಿದೆಯೇ ಎಂದು ವಿಚಾರಿಸಬೇಕು.

ಎರಡು ಸಾಧನಗಳು ಸರಿಸಮವೆನಿಸಿದಾಗ, ಈಗ ಕೆಲಸ ಮಾಡುತ್ತಿರುವವರು ನಾಳೆ ಬಿಟ್ಟುಹೋದರೆ ಅದೇ ಕೆಲಸವನ್ನು ವಹಿಸಿಕೊಳ್ಳಬಲ್ಲ ಇನ್ನೂ ಇಬ್ಬರು ನಗರದಲ್ಲಿ ಸಿಗುವಂಥ ಸಾಧನವನ್ನು ಆರಿಸುವುದು ವ್ಯವಹಾರ ಜಾಣ್ಮೆ. ಕೊಟೇಶನ್‌ಗಳನ್ನು ಹೋಲಿಸುವಾಗಲೂ ಮೊದಲ ಬಿಲ್ಲಿನ ಜೊತೆಗೆ ನಾಲ್ಕು ವರ್ಷಗಳ ನಿರ್ವಹಣೆ, ಖಾತೆ ಶುಲ್ಕ, ಪರವಾನಗಿ ಇವನ್ನೆಲ್ಲ ಕೂಡಿಸಿ ಐದು ವರ್ಷಗಳ ಒಟ್ಟು ಮೊತ್ತವನ್ನು ಎದುರುಬದುರು ಇಟ್ಟು ನೋಡಬೇಕು.